ಪಾರ್ಕ್ ಸ್ಟ್ರೀಟಿನ ಗೋರಿಗಳು: ಎರಡು ಮಳೆಗಾಲದ ಆಯಸ್ಸು

ಕೋಲ್ಕತ್ತಾದ ಮಲ್ಲಿಕ್ ಬಜಾರ್ ಹಳೇ ಗಾಡಿಗಳ ಬಿಡಿಭಾಗಕ್ಕೆ ಹೆಸರುವಾಸಿ. ಹೆಡ್‌ಲೈಟ್ ಬೇಕಾ, ಬಂಪರ್ ಬೇಕಾ, ಕೇಳಿದ್ದೆಲ್ಲ ಸಿಗುತ್ತದೆ. ಅದರ ಹತ್ತಿರವೇ, ಪಾರ್ಕ್ ಸ್ಟ್ರೀಟ್ ಬಂದು ದೊಡ್ಡ ರಸ್ತೆಗೆ ಸೇರುವ ಕಡೆ, ಒಂದು ಉದ್ದನೆಯ ಗೋಡೆ ಇದೆ. ಗೋಡೆಯಾಚೆ ಸುಮಾರು ಎಂಟು ಎಕರೆ ಜಾಗ. ಅಲ್ಲಿ 1,600ರ ಆಸುಪಾಸು ಗೋರಿಗಳಿವೆ. ಗೋರಿ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವ ಮೊಣಕಾಲೆತ್ತರದ ಕಲ್ಲುಗಳಲ್ಲ ಇವು. ಎರಡು ಮಹಡಿ ಎತ್ತರದ ಪಿರಮಿಡ್ಡುಗಳು, ಗುಮ್ಮಟದ ಮಂಟಪಗಳು, ಸೂಜಿಯ ಹಾಗೆ ಮೇಲೆ ಹೋಗಿರುವ ಚೌಕ ಕಂಬಗಳು. ನಡುವೆ ಓಣಿಗಳಿವೆ. ಓಣಿಗಳು ಎಷ್ಟು ಇಕ್ಕಟ್ಟು ಅಂದರೆ, 1880ರ ದಶಕದ ಕೊನೆಯಲ್ಲಿ ಇಲ್ಲಿಗೆ ಬಂದಿದ್ದ ಇಂಗ್ಲಿಷ್ ಲೇಖಕ ಕಿಪ್ಲಿಂಗ್, ಯಾವುದೋ ಊರಿನ ಬೀದಿಯಲ್ಲಿ ನಡೆದಂತಿದೆ ಎಂದು ಬರೆದ. ಸತ್ತವರು ಹೊತ್ತಿಗೆ ಮುಂಚೆ ಎದ್ದು ಬಂದಾರು ಅನ್ನೋ ಭಯಕ್ಕೆ ಇಷ್ಟು ಇಟ್ಟಿಗೆ ಹೇರಿದ್ದಾರೇನೋ ಎಂದು ಕುಹಕವನ್ನೂ ಆಡಿದ.

ಇದು ಸೌತ್ ಪಾರ್ಕ್ ಸ್ಟ್ರೀಟ್ ಸಿಮೆಟ್ರಿ. 1767ರಲ್ಲಿ ಶುರುವಾಯಿತು, 1830ರ ಹೊತ್ತಿಗೆ ಹೆಚ್ಚುಕಡಿಮೆ ತುಂಬಿ ನಿಂತಿತು. ಅಂದರೆ ಅರವತ್ತು ವರ್ಷ ಚಿಲ್ಲರೆ. ಇಷ್ಟು ಕಡಿಮೆ ಕಾಲದಲ್ಲಿ ಇಷ್ಟೊಂದು ಜನ ಯಾಕೆ ಸತ್ತರು? ಸತ್ತವರಿಗೆ ಇಷ್ಟು ದೊಡ್ಡ ಕಟ್ಟಡ ಯಾಕೆ? ಅವರನ್ನು ಹೂತವರ ದೇಶವೇ ಬೇರೆ, ಕಾಲವೇ ಬೇರೆ ಆದಮೇಲೂ ಈ ಜಾಗ ಉಳಿದದ್ದು ಹೇಗೆ? ಯೂಟ್ಯೂಬಿನಲ್ಲಿ ಹುಡುಕಿದರೆ ಈ ಸ್ಮಶಾನದ ಬಗ್ಗೆ ಬರುವುದು ಬರೀ ದೆವ್ವದ ವಿಡಿಯೋಗಳು. ಕತ್ತಲೆ, ಟಾರ್ಚು, ಏದುಸಿರು. ದೆವ್ವಕ್ಕಿಂತ ಕುತೂಹಲದ ವಿಷಯ ಅಲ್ಲಿನ ಕಲ್ಲುಗಳ ಮೇಲೆಯೇ ಬರೆದಿದೆ. ಓದುವ ತಾಳ್ಮೆ ಬೇಕು, ಅಷ್ಟೇ.

ಮಳೆಗಾಲ ದಾಟಿದವರು

ಆಗ ಕಲ್ಕತ್ತ ಎಂದರೆ ಹೂಗ್ಲಿ ನದಿಯ ದಂಡೆಯ ಮೇಲಿನ ಜೌಗು ನೆಲ. ಒಂದು ಕಡೆ ನದಿ, ಇನ್ನೊಂದು ಕಡೆ ಉಪ್ಪು ನೀರಿನ ಕೆರೆ-ಕುಂಟೆ. ವ್ಯಾಪಾರಕ್ಕೆ ಬಲು ಅನುಕೂಲ, ಬದುಕುವುದಕ್ಕೆ ಕಷ್ಟ. 18ನೇ ಶತಮಾನದ ಆರಂಭದಲ್ಲಿ ಅಲ್ಲಿಗೆ ಬಂದಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಹಡಗು ವ್ಯಾಪಾರಿ ಒಂದು ಲೆಕ್ಕ ಬರೆದಿಟ್ಟಿದ್ದಾನೆ. ಊರಿನಲ್ಲಿ ಸುಮಾರು 1,200 ಇಂಗ್ಲಿಷರಿದ್ದರಂತೆ. ಆಗಸ್ಟ್‌ನಿಂದ ಜನವರಿಯೊಳಗೆ 460 ಜನರನ್ನು ಹೂತ ದಾಖಲೆ ಇತ್ತಂತೆ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ! "ಮನುಷ್ಯನ ಆಯಸ್ಸು ಎರಡು ಮಳೆಗಾಲ" ಎಂಬ ಮಾತು ಅಲ್ಲಿನ ಬಿಳಿಯರ ಬಾಯಲ್ಲಿ ಗಾದೆಯೇ ಆಗಿಹೋಗಿತ್ತು. ಮಳೆ ನಿಂತ ಮೇಲೆ, ನವೆಂಬರ್ ನಡುವೆ, ಬದುಕುಳಿದವರು ಒಟ್ಟಿಗೆ ಸೇರಿ ಸಂಭ್ರಮಿಸುತ್ತಿದ್ದರು ಎಂದೂ ಹೇಳುತ್ತಾರೆ.

ಕೊಂದದ್ದು ಏನು? ಮಲೇರಿಯಾ, ಆಮಶಂಕೆ, ಕಾಲರಾ, ಹೆರಿಗೆ. ಆ ಕಾಲದ ವೈದ್ಯರ ಪ್ರಕಾರ ಇದಕ್ಕೆಲ್ಲ ಕಾರಣ ಕೆಟ್ಟ ಗಾಳಿ. ಜೌಗಿನಿಂದ ಏಳುವ ನಾತವೇ ಜ್ವರ ತರುತ್ತದೆ ಎಂದು ನಂಬಿದ್ದರು. ಆದ್ದರಿಂದ ಕಿಟಕಿ ಮುಚ್ಚಿದರು, ರಕ್ತ ತೆಗೆಸಿದರು, ಪಾದರಸದ ಔಷಧಿ ಕುಡಿದರು. ಸೊಳ್ಳೆಯನ್ನೂ ಕುಡಿಯುವ ನೀರನ್ನೂ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಊರಿನವರು ನೀರು ತರುತ್ತಿದ್ದದ್ದು ತೆರೆದ ಕೆರೆಗಳಿಂದ.

ಇದರ ಮುಂದಿನ ಭಾಗವೂ ಅದೇ ಊರಿನಲ್ಲಿ ನಡೆಯಿತು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕಾಲರಾ ರೋಗಾಣುವನ್ನು ಹುಡುಕುತ್ತ ಕಲ್ಕತ್ತಕ್ಕೆ ಬಂದು, ಅದನ್ನು ಅಲ್ಲಿನ ಕೆರೆ ನೀರಿನಲ್ಲಿ ಗುರುತಿಸಿದ. 1898ರಲ್ಲಿ ರೊನಾಲ್ಡ್ ರಾಸ್, ಹಕ್ಕಿಗಳಿಗೆ ಬರುವ ಮಲೇರಿಯಾ ಸೊಳ್ಳೆಯಿಂದಲೇ ಹರಡುತ್ತದೆ ಎಂಬುದನ್ನು ಕಲ್ಕತ್ತದ ಆಸ್ಪತ್ರೆಯೊಂದರ ಪುಟ್ಟ ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟ. ಪಾರ್ಕ್ ಸ್ಟ್ರೀಟಿನಿಂದ ಅದೇನೂ ದೂರವಿಲ್ಲ. ಈ ರಾಸ್ ಸಾಹೇಬರಿಗೆ ಸೊಳ್ಳೆಯ ಮೇಲೆ ಮೊದಲು ಕಣ್ಣು ಬಿದ್ದದ್ದು ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ಅಲ್ಲಿ ಸೇನಾ ವೈದ್ಯರಾಗಿದ್ದಾಗ, ಬಂಗಲೆಯ ಪಕ್ಕ ನಿಂತ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಕಂಡುಕೊಂಡಿದ್ದರು. ಪಾರ್ಕ್ ಸ್ಟ್ರೀಟಿನಲ್ಲಿ ಮಲಗಿದವರಿಗೆ ಈ ತಿಳಿವಳಿಕೆ ಬಂದದ್ದು ಒಂದು ಶತಮಾನ ತಡವಾಗಿ.

ಕಲ್ಲುಗಳ ಮೇಲಿನ ವಯಸ್ಸು ಓದುತ್ತ ಹೋದರೆ ಗೊತ್ತಾಗುತ್ತದೆ. ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತೇಳು. ಬಾಣಂತಿ ಮತ್ತು ಮಗು ಒಂದೇ ಗೋರಿಯಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ ಹದಿನಾರು-ಹದಿನೇಳಕ್ಕೆ ಹಡಗು ಹತ್ತಿ ಬಂದ ಹುಡುಗರು. ಕಂಪನಿಯ ಸಂಬಳ ಅಷ್ಟಕ್ಕಷ್ಟೇ. ಆದರೆ ಸ್ವಂತ ವ್ಯಾಪಾರ, ಕಾಣಿಕೆ, ಲಂಚ ಸೇರಿದರೆ ಕೆಲವೇ ವರ್ಷದಲ್ಲಿ ಊರಿಗೆ ಹೋಗಿ ಜಮೀನುದಾರನಾಗಬಹುದು. ಈ ಆಸೆಗೇ ಅಷ್ಟೊಂದು ಜನ ಪ್ರಾಣ ಪಣಕ್ಕಿಟ್ಟು ಬಂದರು. ರಿಚರ್ಡ್ ಬೀಚರ್ ಎಂಬಾತನ ಕಥೆ ನೋಡಿ. ಬಂಗಾಳದಲ್ಲಿ ದುಡ್ಡು ಮಾಡಿಕೊಂಡು ಇಂಗ್ಲೆಂಡಿಗೆ ವಾಪಸ್ ಹೋದ. ಅಲ್ಲಿ ಎಲ್ಲ ಕಳಕೊಂಡ. ಇಳಿವಯಸ್ಸಿನಲ್ಲಿ ಮತ್ತೆ ದುಡಿಯೋಣ ಎಂದು ಬಂಗಾಳಕ್ಕೇ ಬಂದ. 1782ರಲ್ಲಿ ಇಲ್ಲೇ ಮಣ್ಣಾದ. ಆಸೆ ಕೈಗೂಡದ ನೋವು, ಇಲ್ಲಿನ ಹವೆ ಎರಡೂ ಸೇರಿ ಅವನನ್ನು ಮುಗಿಸಿದವು ಎಂಬರ್ಥದ ಮಾತು ಅವನ ಗೋರಿಯ ಮೇಲಿದೆ. ಕಂಪನಿ ಆಡಳಿತದ ಬಗ್ಗೆ ಪುಟಗಟ್ಟಲೆ ಬರೆದರೂ ಇಷ್ಟು ಚುಟುಕಾಗಿ ಹೇಳೋಕೆ ಆಗಲ್ಲ.

ಊರಾಚೆಯ ರಸ್ತೆ, ಇಟ್ಟಿಗೆಯ ಪಿರಮಿಡ್ಡು

ಮೊದಲು ಹೂಳುತ್ತಿದ್ದದ್ದು ನದಿಯ ಹತ್ತಿರ, ಈಗ ಸೇಂಟ್ ಜಾನ್ಸ್ ಚರ್ಚ್ ಇರುವ ಜಾಗದಲ್ಲಿ. ಕಲ್ಕತ್ತದ ಸ್ಥಾಪಕ ಎಂದು ಬ್ರಿಟಿಷರು ಕೊಂಡಾಡುತ್ತಿದ್ದ ಜಾಬ್ ಚಾರ್ನಾಕ್‌ನ ಗೋರಿಯೂ ಅಲ್ಲಿದೆ. ಆ ಗೋರಿಗೆ ಹಾಸಿದ ಕಪ್ಪು ಕಲ್ಲು ಮದರಾಸಿನ ಕಡೆಯಿಂದ ಬಂದದ್ದು. 1893ರಲ್ಲಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಆ ಜಾತಿಯ ಕಲ್ಲಿಗೆ ಚಾರ್ನಾಕೈಟ್ ಎಂದು ಹೆಸರಿಟ್ಟರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಬಂಡೆಗಳು ಕೂಡ ಅದೇ ಜಾತಿ. ಬೆಟ್ಟದ ಬಂಡೆಗೆ ಕಲ್ಕತ್ತದ ಗೋರಿಯ ಹೆಸರು!

1760ರ ದಶಕಕ್ಕೆ ಆ ಜಾಗ ತುಂಬಿಹೋಯಿತು. ಊರಾಚೆ, ಚೌರಂಗಿಯ ಕಾಡು ದಾಟಿ ಹೊಸ ಜಾಗ ಹುಡುಕಿದರು. ಅಲ್ಲಿಗೆ ಹೋಗುವ ದಾರಿಗೆ ಸ್ಮಶಾನದ ರಸ್ತೆ ಎಂದೇ ಹೆಸರಾಯಿತು. ಅದೇ ಮುಂದೆ ಪಾರ್ಕ್ ಸ್ಟ್ರೀಟ್. ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆ ಅಲ್ಲಿ ಜಿಂಕೆ ಸಾಕುತ್ತಿದ್ದ ತೋಟದಿಂದ ಆ ಹೆಸರು ಬಂತು. ಇವತ್ತು ಅದೇ ರಸ್ತೆಯಲ್ಲಿ ಕೇಕ್ ಅಂಗಡಿ, ಬಾರು, ಕ್ರಿಸ್‌ಮಸ್ ದೀಪ. 2004ರಿಂದ ಅಧಿಕೃತ ಹೆಸರು ಮದರ್ ತೆರೇಸಾ ಸರಣಿ. ಆದರೂ ಟ್ಯಾಕ್ಸಿಯವನಿಗೆ ಪಾರ್ಕ್ ಸ್ಟ್ರೀಟ್ ಅಂದ್ರೇನೇ ಅರ್ಥ ಆಗೋದು.

ಇನ್ನು ಆ ಪಿರಮಿಡ್ಡುಗಳ ವಿಷಯ. ಇವು ಕಲ್ಲಿನವಲ್ಲ. ಬಂಗಾಳದ ನದೀ ಮುಖಜ ಭೂಮಿಯಲ್ಲಿ ಅಗೆದಷ್ಟೂ ಮೆಕ್ಕಲು ಮಣ್ಣು. ಕಲ್ಲು ಬೇಕೆಂದರೆ ದೂರದಿಂದ ತರಿಸಬೇಕು. ಸೇಂಟ್ ಜಾನ್ಸ್ ಚರ್ಚಿಗೆ ಗೌಡ್ ಎಂಬ ಹಳೇ ರಾಜಧಾನಿಯ ಅವಶೇಷಗಳಿಂದ ಕಲ್ಲು ಕಿತ್ತು ತಂದಿದ್ದರು. ಆ ಕಾಲಕ್ಕೆ ಕಲ್ಲಿನ ಕಟ್ಟಡ ಅಪರೂಪ ಅಂತ ಜನ ಅದಕ್ಕೆ "ಪಾಥುರೆ ಗಿರ್ಜಾ", ಕಲ್ಲಿನ ಚರ್ಚು, ಅಂತಲೇ ಕರೆದರು. ಗೋರಿಗಳಿಗೆ ಆ ಭಾಗ್ಯವಿಲ್ಲ. ಸ್ಥಳೀಯ ಗಾರೆ ಕೆಲಸದವರು ಇಟ್ಟಿಗೆ ಕಟ್ಟಿ, ಮೇಲೆ ನುಣ್ಣನೆ ಸುಣ್ಣದ ಗಾರೆ ಬಳಿದು, ಹೆಸರು ಕೆತ್ತಿದ ಹಲಗೆಯನ್ನು ಮಾತ್ರ ಅಮೃತಶಿಲೆಯಲ್ಲೋ ಕಪ್ಪು ಕಲ್ಲಿನಲ್ಲೋ ಕೂರಿಸಿದರು. ಹೊಸದಾಗಿ ಬಳಿದಾಗ ಎಲ್ಲವೂ ಬೆಳ್ಳಗೆ ಅಮೃತಶಿಲೆಯಂತೆ ಹೊಳೆದಿರಬೇಕು. ಈಗ ಪಾಚಿ ಹಿಡಿದು ಕಪ್ಪು-ಹಸಿರು.

ಆಕಾರ ಎಲ್ಲಿಂದ ಬಂತು? ಎರಡು ಕಡೆಯಿಂದ. ಆಗ ಯುರೋಪಿನಲ್ಲಿ ಗ್ರೀಸ್, ರೋಮ್, ಈಜಿಪ್ಟಿನ ಹುಚ್ಚು. ಸಾವಿನ ಗುರುತು ಎಂದರೆ ಬೂದಿಯ ಕಲಶ, ತಲೆಕೆಳಗಾದ ಪಂಜು, ಪಿರಮಿಡ್ಡು. ಇಲ್ಲಿ ಬಂದು ನೋಡಿದರೆ ಮೊಘಲ್ ನವಾಬರ ಗುಮ್ಮಟಗಳು. ದೊಡ್ಡ ಮನುಷ್ಯ ಸತ್ತರೆ ದೊಡ್ಡ ಕಟ್ಟಡ ಕಟ್ಟಬೇಕು ಎಂಬುದು ಈ ನೆಲದ ರೂಢಿ ಎಂದು ಅವರಿಗೆ ಅನಿಸಿತು. ನವಾಬರ ಹಾಗೆ ಬದುಕಿದವರು ನವಾಬರ ಹಾಗೇ ಮಲಗಬೇಡವೇ? ಒಂದು ವಿಚಿತ್ರ ಗಮನಿಸಿ: ಕ್ರೈಸ್ತರ ಸ್ಮಶಾನವಾದರೂ ಶಿಲುಬೆ ತೀರಾ ಕಮ್ಮಿ. ಆ ಕಾಲದ ಇಂಗ್ಲಿಷ್ ಪ್ರಾಟೆಸ್ಟೆಂಟರಿಗೆ ಗೋರಿಯ ಮೇಲೆ ಶಿಲುಬೆ ಇಡುವುದು ಕ್ಯಾಥೊಲಿಕರ ಚಾಳಿ ಅನಿಸುತ್ತಿತ್ತು. ಎಲ್ಲೆಲ್ಲೂ ಶಿಲುಬೆ, ದೇವದೂತರು ಬಂದದ್ದು ವಿಕ್ಟೋರಿಯಾ ರಾಣಿಯ ಕಾಲಕ್ಕೆ. ಅಷ್ಟರೊಳಗೆ ಈ ಜಾಗ ಮುಚ್ಚಿತ್ತು.

ಅಲ್ಲಿ ಯಾರ್ಯಾರು ಇದ್ದಾರೆ

ತುಂಬ ಎತ್ತರಕ್ಕೆ ಹೋದ ಚೌಕ ಸೂಜಿಗಂಬದ ಕೆಳಗೆ ಇರುವುದು ವಿಲಿಯಂ ಜೋನ್ಸ್. 1783ರಲ್ಲಿ ಕಲ್ಕತ್ತದ ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾಗಿ ಬಂದವನು. ಮರುವರ್ಷವೇ ಏಷ್ಯಾದ ಚರಿತ್ರೆ, ಭಾಷೆಗಳ ಅಧ್ಯಯನಕ್ಕೆ ಏಷ್ಯಾಟಿಕ್ ಸೊಸೈಟಿ ಕಟ್ಟಿದ. ಹಿಂದೂ ಕಾನೂನಿನ ಪ್ರಶ್ನೆ ಬಂದಾಗಲೆಲ್ಲ ಪಂಡಿತರು ಹೇಳಿದ್ದನ್ನೇ ನಂಬಬೇಕು. ಅದು ಅವನಿಗೆ ಇಷ್ಟವಿರಲಿಲ್ಲ. ತಾನೇ ಸಂಸ್ಕೃತ ಕಲಿಯಲು ಹೊರಟ. ಕಲಿಸಿದ್ದು ರಾಮಲೋಚನ ಎಂಬ ವೈದ್ಯ ಜಾತಿಯ ಪಂಡಿತ. 1786ರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಎಂದು ಭಾಷಣದಲ್ಲಿ ಹೇಳಿದ. ಭಾಷಾವಿಜ್ಞಾನದ ಪಾಠ ಇವತ್ತೂ ಅಲ್ಲಿಂದಲೇ ಶುರುವಾಗುತ್ತದೆ. 1789ರಲ್ಲಿ ಶಾಕುಂತಲವನ್ನು ಇಂಗ್ಲಿಷಿಗೆ ತಂದ. ಸಾಕಷ್ಟು ಹಣ ಕೂಡಿಸಿ ಊರಿಗೆ ಮರಳಬೇಕೆಂದಿದ್ದ. ಆರೋಗ್ಯ ಕೆಟ್ಟ ಹೆಂಡತಿಯನ್ನು ಮೊದಲೇ ಹಡಗು ಹತ್ತಿಸಿದ್ದ. 1794ರ ಏಪ್ರಿಲ್‌ನಲ್ಲಿ, 47ರ ವಯಸ್ಸಿನಲ್ಲಿ, ಯಕೃತ್ತಿನ (ಲಿವರ್) ಊತದಿಂದ ಸತ್ತ.

ತನ್ನ ಗೋರಿಯ ಬರಹವನ್ನು ಜೋನ್ಸ್ ತಾನೇ ಬರೆದುಕೊಂಡಿದ್ದ. ದೇವರಿಗೆ ಹೆದರಿದವನು, ಸಾವಿಗಲ್ಲ. ನೀಚರೂ ಅನ್ಯಾಯಗಾರರೂ ಬಿಟ್ಟರೆ ಯಾರನ್ನೂ ತನಗಿಂತ ಕೀಳೆಂದು ಎಣಿಸದವನು ಎಂದು ಅದರ ತಾತ್ಪರ್ಯ. ಚೆಂದದ ಮಾತು. ಆದರೆ ಅವನು ಕಟ್ಟಿದ ಸೊಸೈಟಿಯೊಳಗೆ ಭಾರತೀಯರಿಗೆ ಸದಸ್ಯತ್ವ ಸಿಕ್ಕಿದ್ದು 1829ರಲ್ಲಿ. ಅವನು ಸತ್ತು 35 ವರ್ಷದ ಮೇಲೆ. ರಾಮಲೋಚನನಿಗೆ ಇಲ್ಲಿ ಕಲ್ಲೂ ಇಲ್ಲ, ಕಂಬವೂ ಇಲ್ಲ. ಈ ಸ್ಮಶಾನವನ್ನು ಓದುವಾಗ ಇದೊಂದು ನೆನಪಿರಬೇಕು. ಅಲ್ಲಿರುವ ಹೆಸರುಗಳ ಪಕ್ಕದಲ್ಲಿ ಅಲ್ಲಿ ಇಲ್ಲದ ಹೆಸರುಗಳನ್ನೂ ಓದಬೇಕು.

ಜೋನ್ಸ್‌ನಿಂದ ಸ್ವಲ್ಪ ದೂರದಲ್ಲಿ ಎಲ್ಲರೂ ನಿಂತು ನೋಡುವ ಗೋರಿಯೊಂದಿದೆ. ಕ್ರೈಸ್ತರ ಸ್ಮಶಾನದ ನಡುವೆ ಒಂದು ಗುಡಿ! ಮೇಜರ್ ಜನರಲ್ ಚಾರ್ಲ್ಸ್ ಸ್ಟುವರ್ಟ್, ಐರಿಷ್ ಮೂಲದವನು. ದಿನಾ ಬೆಳಗ್ಗೆ ಮನೆಯಿಂದ ನಡೆದುಹೋಗಿ ಗಂಗೆಯಲ್ಲಿ ಮಿಂದು ಬರುತ್ತಿದ್ದ. ಮನೆತುಂಬ ವಿಗ್ರಹಗಳು. ಹಿಂದೂ ಧರ್ಮವನ್ನು ಹೀಗಳೆಯುವ ಮಿಷನರಿಗಳ ವಿರುದ್ಧ ಪುಸ್ತಿಕೆ ಬರೆದ. ಯುರೋಪಿಯನ್ ಹೆಂಗಸರು ಸೀರೆ ಉಡಬೇಕು, ಈ ಹವೆಗೆ ಅದೇ ಸರಿ ಎಂದು ಪತ್ರಿಕೆಯಲ್ಲಿ ವಾದಿಸಿದ. ಜನ ಅವನನ್ನು ಹಿಂದೂ ಸ್ಟುವರ್ಟ್ ಎಂದೇ ಕರೆದರು. 1828ರಲ್ಲಿ ಸತ್ತಾಗ ತನ್ನ ಕೆಲವು ದೇವರುಗಳ ಜೊತೆಗೇ ಮಣ್ಣಾದ. ಗೋರಿಯ ಬಾಗಿಲಿಗೆ ಕೆತ್ತನೆಯ ಕಲ್ಲು, ಮೇಲೆ ಶಿಖರ. ಅವನು ಕೂಡಿಹಾಕಿದ ವಿಗ್ರಹಗಳಲ್ಲಿ ಬಹುಪಾಲು ಲಂಡನ್ನಿಗೆ ಹೋಗಿ, ಕೊನೆಗೆ 1872ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಭಕ್ತಿ ಎಷ್ಟೇ ಇರಲಿ, ವಿಗ್ರಹ ಹೋದದ್ದು ಹಡಗಿನಲ್ಲೇ. ಅವನನ್ನು ಹೊಗಳುವವರು ಈ ಕೊನೆಯ ಸಾಲನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಹೂಗ್ಲಿಯಾಚೆಯ ಸಸ್ಯೋದ್ಯಾನವನ್ನು 1787ರಲ್ಲಿ ಶುರುಮಾಡಿದ ರಾಬರ್ಟ್ ಕಿಡ್ ಇಲ್ಲೇ ಇದ್ದಾನೆ. ತನ್ನ ತೋಟದಲ್ಲೇ, ಪಾದ್ರಿಯಿಲ್ಲದೆ ಹೂಳಿ ಎಂದು ಉಯಿಲು ಬರೆದಿಟ್ಟಿದ್ದ. ಕೇಳಲಿಲ್ಲ. ಟಿಬೆಟ್ಟಿಗೆ ಹೋಗಿ ಅಲ್ಲಿನ ಧರ್ಮಗುರು ಪಂಚೆನ್ ಲಾಮಾನ ಸ್ನೇಹ ಗಳಿಸಿ ಬಂದ ಜಾರ್ಜ್ ಬೋಗಲ್ ಇಲ್ಲೇ ಇದ್ದಾನೆ.

ಕನ್ನಡದವರು ಹುಡುಕಬೇಕಾದ ಹೆಸರು ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಸ್ಟಾರ್ನೊವೇ ಊರಿನವನು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಂಪನಿಯ ಎಂಜಿನಿಯರ್. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಇವನ ಪಾಲಿಗೆ ಬಂತು. ಅಳೆಯಲು ಹೋದವನು ನೆಲವನ್ನಷ್ಟೇ ಅಳೆಯಲಿಲ್ಲ. ಊರೂರಿಗೆ ಸಹಾಯಕರನ್ನು ಕಳಿಸಿ ಶಾನುಭೋಗರಿಂದ, ಮಠದವರಿಂದ, ಪಾಳೆಯಗಾರರ ಮನೆತನದವರಿಂದ ಅವರವರ ಊರಿನ ಕಥೆ ಬರೆಸಿಕೊಂಡ. ಅವೇ ಕೈಫಿಯತ್ತುಗಳು. ಶಾಸನಗಳ ಪ್ರತಿ 8,000ಕ್ಕೂ ಹೆಚ್ಚು, ಹಸ್ತಪ್ರತಿ 1,500ಕ್ಕೂ ಹೆಚ್ಚು. ಹಂಪಿಯ ಅವಶೇಷಗಳ ಮೊದಲ ನಕ್ಷೆಗಳಲ್ಲಿ ಒಂದು ಇವನದೇ. ನಮ್ಮ ಎಷ್ಟೋ ಪಾಳೆಯಗಾರರ ವಿಷಯ ಇವತ್ತು ತಿಳಿದಿರುವುದು ಈ ಕಾಗದಗಳಿಂದ.

ಆದರೆ ಕೆಲಸ ನಿಜವಾಗಿ ನಡೆಸಿದವರು ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಚಾಮರಾಜನಗರದ ಕಡೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಇಂಥವರು. ಮೆಕೆಂಜಿಗೆ ಈ ಭಾಷೆಗಳು ಬರುತ್ತಿರಲಿಲ್ಲ. 1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ತೈಲಚಿತ್ರದಲ್ಲಿ ಕೆಂಪು ಕೋಟಿನ ಮೆಕೆಂಜಿಯ ಸುತ್ತ ಮೂವರು ಭಾರತೀಯರಿದ್ದಾರೆ. ಒಬ್ಬನ ಕೈಯಲ್ಲಿ ಓಲೆಗರಿ, ಇನ್ನೊಬ್ಬನ ಕೈಯಲ್ಲಿ ದುರ್ಬೀನು. ದೂರದಲ್ಲಿ ಬೆಟ್ಟದ ಮೇಲೆ ನಿಂತಿರುವುದು ಕಾರ್ಕಳದ ಗೊಮ್ಮಟ. ಈ ಸಹಾಯಕರನ್ನು ಚಿತ್ರದಲ್ಲಿ ಕಾಣಬಹುದು, ಸ್ಮಶಾನದಲ್ಲಿ ಅಲ್ಲ. ಮೆಕೆಂಜಿ 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಆದ. 1821ರ ಮೇ ತಿಂಗಳಲ್ಲಿ ಸತ್ತು ಪಾರ್ಕ್ ಸ್ಟ್ರೀಟಿನ ಮಣ್ಣು ಸೇರಿದ. ಅವನ ಸಂಗ್ರಹವನ್ನು ವಿಧವೆಯಿಂದ ಸರ್ಕಾರ 10,000 ಪೌಂಡಿಗೆ ಕೊಂಡಿತು. ಈಗ ಅದರಲ್ಲಿ ಅರ್ಧ ಲಂಡನ್ನಿನಲ್ಲಿ, ಅರ್ಧ ಚೆನ್ನೈನಲ್ಲಿ.

ಇದೇ ರಸ್ತೆಯ ಇನ್ನೊಂದು ತುದಿಯಿಂದ ಉತ್ತರಕ್ಕೆ ನಡೆದರೆ ಧರ್ಮತಲಾದಲ್ಲಿ ಟಿಪ್ಪು ಸುಲ್ತಾನ್ ಮಸೀದಿ ಸಿಗುತ್ತದೆ. ವೆಲ್ಲೂರಿನ ದಂಗೆಯ ಬಳಿಕ ಟಿಪ್ಪುವಿನ ಮಕ್ಕಳನ್ನು ಕಂಪನಿಯವರು ಕಲ್ಕತ್ತಕ್ಕೆ ಸಾಗಿಸಿದ್ದರು. ಅವರಲ್ಲೊಬ್ಬ, ಗುಲಾಮ್ ಮೊಹಮ್ಮದ್, 1842ರಲ್ಲಿ ಕಟ್ಟಿಸಿದ ಮಸೀದಿ ಅದು. ಶ್ರೀರಂಗಪಟ್ಟಣವನ್ನು ಒಡೆದವನೂ, ಕಳಕೊಂಡವರೂ ಕೊನೆಗೆ ಒಂದೇ ಊರಿನಲ್ಲಿ ಬಂದು ನಿಂತರು.

ಅನಾನಸ್, ಪದ್ಯ ಮತ್ತು ಡಿಕನ್ಸ್‌ನ ಮಗ

ರೋಸ್ ಎಲ್ಮರ್ ಎಂಬ ಹುಡುಗಿಯ ಗೋರಿ ತಿರುಚಿದ ಕಂಬದಂತಿದೆ. ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತದೆ. ಚಿಕ್ಕಮ್ಮನ ಮನೆಗೆಂದು ಕಲ್ಕತ್ತಕ್ಕೆ ಬಂದವಳು. ಚಿಕ್ಕಪ್ಪ ಹೆನ್ರಿ ರಸಲ್ ದೊಡ್ಡ ನ್ಯಾಯಾಧೀಶ. ಪಾರ್ಕ್ ಸ್ಟ್ರೀಟಿಗೆ ಕೂಡುವ ರಸಲ್ ಸ್ಟ್ರೀಟ್ ಅವನದೇ ಹೆಸರು. 1800ರ ಮಾರ್ಚ್‌ನಲ್ಲಿ, 20ರ ವಯಸ್ಸಿಗೆ ಹೊಟ್ಟೆ ಕೆಟ್ಟು ಸತ್ತಳು. ಆ ಕಾಲದ ವಕೀಲ ವಿಲಿಯಂ ಹಿಕಿ, ಅನಾನಸ್ ಜಾಸ್ತಿ ತಿಂದದ್ದೇ ಕಾರಣ ಎಂದು ಬರೆದಿಟ್ಟ. ಕಾಲರಾ ಇರಬೇಕು ಎಂಬುದು ಈಗಿನವರ ಊಹೆ. ಪಾಪ, ಹಣ್ಣಿನ ಮೇಲೆ ಅಪವಾದ.

ಅವಳು ಹೊರಡುವ ಮುಂಚೆ ವೇಲ್ಸ್‌ನಲ್ಲಿ ಅವಳ ಜೊತೆ ಓಡಾಡಿಕೊಂಡಿದ್ದ ಯುವಕನೊಬ್ಬ ಸಾವಿನ ಸುದ್ದಿ ಕೇಳಿ ಎಂಟು ಸಾಲಿನ ಪದ್ಯ ಬರೆದ. ಅವನೇ ವಾಲ್ಟರ್ ಸ್ಯಾವೇಜ್ ಲ್ಯಾಂಡರ್. ಆ ಎಂಟು ಸಾಲು ಇಂಗ್ಲಿಷ್ ಕವಿತೆಯ ಸಂಕಲನಗಳಲ್ಲಿ ಉಳಿದುಹೋಯಿತು. ಲ್ಯಾಂಡರ್ ಮುದುಕನಾದ ಮೇಲೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ ಗೆಳೆಯನಾದ. ಡಿಕನ್ಸ್ ತನ್ನ ಎರಡನೇ ಮಗನಿಗೆ ವಾಲ್ಟರ್ ಲ್ಯಾಂಡರ್ ಡಿಕನ್ಸ್ ಎಂದು ಗೆಳೆಯನ ಹೆಸರನ್ನೇ ಇಟ್ಟ. ಆ ಹುಡುಗ ಸೈನ್ಯ ಸೇರಿ ಭಾರತಕ್ಕೆ ಬಂದ, ಸಾಲ ಮಾಡಿಕೊಂಡ, 1863ರ ಡಿಸೆಂಬರ್ 31ರಂದು 22ರ ವಯಸ್ಸಿನಲ್ಲಿ ಕಲ್ಕತ್ತದಲ್ಲಿ ಸತ್ತ. ಅವನನ್ನು ಹೂತದ್ದು ಭವಾನೀಪುರದ ಸೇನಾ ಸ್ಮಶಾನದಲ್ಲಿ. 1987ರಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಣ ಕೂಡಿಸಿ ಅವನ ಗೋರಿಯ ಕಲ್ಲನ್ನು ಪಾರ್ಕ್ ಸ್ಟ್ರೀಟಿಗೆ ತಂದು ಇಟ್ಟರು. ಮೂಳೆ ಅಲ್ಲೇ, ಕಲ್ಲು ಇಲ್ಲಿ. ಲ್ಯಾಂಡರ್ ಕವಿತೆ ಬರೆದ ಹುಡುಗಿ, ಲ್ಯಾಂಡರ್ ಹೆಸರು ಹೊತ್ತ ಹುಡುಗ ಈಗ ಒಂದೇ ಗೋಡೆಯೊಳಗೆ. ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ!

ಬಂಗಾಳಿಗಳ ಸ್ಮಶಾನ

"ನಮ್ಮನ್ನು ಲೂಟಿ ಮಾಡಿದವರ ಗೋರಿಗೆ ನಾವ್ಯಾಕೆ ಸುಣ್ಣ ಬಳಿಯಬೇಕು?" ಈ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. 1770ರಲ್ಲಿ ಬಂಗಾಳದಲ್ಲಿ ಬಿದ್ದ ಬರಕ್ಕೆ ಲಕ್ಷಾಂತರ ಜನ ಸತ್ತರು. ಅವರಿಗೆ ಪಿರಮಿಡ್ಡು ಹೋಗಲಿ, ಒಂದು ಕಲ್ಲೂ ಇಲ್ಲ. ಅದೇ ವರ್ಷಗಳಲ್ಲಿ ಇಲ್ಲಿ ಗುಮ್ಮಟಗಳು ಏಳುತ್ತಿದ್ದವು. ಅದಕ್ಕೇ ಈ ಜಾಗವನ್ನು ಉಳಿಸಿಕೊಳ್ಳಬೇಕು ಅನ್ನುವುದು ನನ್ನ ವಾದ. ಯಾರು ಬಂದರು, ಯಾಕೆ ಬಂದರು, ಎಷ್ಟು ಗಳಿಸಿದರು, ಎಷ್ಟಕ್ಕೆ ತೆತ್ತರು ಎಂಬುದಕ್ಕೆ ಇದು ಕಂಪನಿಯೇ ಬರೆದಿಟ್ಟ ಜಮಾ-ಖರ್ಚಿನ ಪುಸ್ತಕ. ಅಳಿಸಿದರೆ ನಷ್ಟ ಅವರಿಗಲ್ಲ.

ಬಂಗಾಳಿಗಳು ಇದನ್ನು ಇನ್ನೊಂದು ರೀತಿಯಲ್ಲೂ ತಮ್ಮದು ಮಾಡಿಕೊಂಡರು. ಹೆನ್ರಿ ಡಿರೋಜಿಯೋ ಎಂಬ ಹೆಸರು ಅಲ್ಲಿನ ಶಾಲಾ ಮಕ್ಕಳಿಗೂ ಗೊತ್ತು. ಪೋರ್ಚುಗೀಸ್ ಮೂಲದ ಮಿಶ್ರ ಕುಟುಂಬದವನು, ಹುಟ್ಟಿದ್ದು ಕಲ್ಕತ್ತದಲ್ಲೇ, 1809ರಲ್ಲಿ. ಹದಿನೇಳಕ್ಕೇ ಹಿಂದೂ ಕಾಲೇಜಿನ ಮೇಷ್ಟ್ರು. ಭಾರತವನ್ನು ತನ್ನ ತಾಯ್ನೆಲ ಎಂದು ಇಂಗ್ಲಿಷಿನಲ್ಲಿ ಪದ್ಯ ಬರೆದ ಮೊದಲಿಗರಲ್ಲಿ ಒಬ್ಬ. ಎಲ್ಲವನ್ನೂ ಪ್ರಶ್ನೆ ಮಾಡಿ ಎಂದು ಹುಡುಗರಿಗೆ ಹೇಳಿಕೊಟ್ಟ. ಹುಡುಗರು ಮನೆಗೆ ಹೋಗಿ ಅಪ್ಪ-ಅಮ್ಮಂದಿರನ್ನೇ ಪ್ರಶ್ನೆ ಮಾಡಿದರು. ಗಲಾಟೆಯಾಯಿತು. 1831ರಲ್ಲಿ ಕೆಲಸ ಹೋಯಿತು. ಅದೇ ವರ್ಷ ಡಿಸೆಂಬರ್ 26ರಂದು ಕಾಲರಾಕ್ಕೆ ಬಲಿಯಾದ. ವಯಸ್ಸು 22. ಅವನ ಶಿಷ್ಯರೇ ಮುಂದೆ ಯಂಗ್ ಬೆಂಗಾಲ್ ಎಂದು ಹೆಸರಾದವರು. ಅವರಲ್ಲೊಬ್ಬ, ರಾಧಾನಾಥ ಸಿಕ್ದಾರ್, ಎವರೆಸ್ಟ್ ಶಿಖರದ ಎತ್ತರವನ್ನು ಲೆಕ್ಕ ಹಾಕಿದವನು. ಆ ಲೆಕ್ಕಕ್ಕೆ ಬುನಾದಿಯಾದ ದೊಡ್ಡ ಸರ್ವೆಯ ಬೇರು 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಅಳೆದ ಗೆರೆಯವರೆಗೂ ಹೋಗುತ್ತದೆ. ಇಲ್ಲಿರುವ ಡಿರೋಜಿಯೋ ಗೋರಿಗೆ ಇವತ್ತೂ ಹೂವು ಇಡುವವರಿದ್ದಾರೆ. ಜೋನ್ಸ್‌ಗೆ ಅಷ್ಟು ಹೂವು ಬೀಳುವುದಿಲ್ಲ.

ಇನ್ನೊಂದು ಕಾರಣ ಸತ್ಯಜಿತ್ ರಾಯ್. ಅವರು ಬರೆದ ಪತ್ತೇದಾರಿ ಫೆಲೂದಾನ ಕಥೆಗಳಲ್ಲಿ ಒಂದು ಈ ಸ್ಮಶಾನದಲ್ಲೇ ನಡೆಯುತ್ತದೆ. ಅದರ ಹೆಸರಿಗೇ "ಸ್ಮಶಾನದಲ್ಲಿ ಹುಷಾರು" ಎಂಬರ್ಥ. 2010ರಲ್ಲಿ ಮಗ ಸಂದೀಪ್ ರಾಯ್ ಅದನ್ನು ಸಿನಿಮಾ ಮಾಡಿದರು. ಅದರಲ್ಲಿ ಬರುವ ಗಾಡ್ವಿನ್ ಎಂಬಾತ ಕಾಲ್ಪನಿಕ. ಆ ಹೆಸರಿನ ಗೋರಿ ಹುಡುಕಿ ಸುಸ್ತಾಗಬೇಡಿ. ಒಂದು ಜನಪ್ರಿಯ ಕಥೆ ಎಂಟು ಎಕರೆ ಜಾಗಕ್ಕೆ ಎಷ್ಟು ರಕ್ಷಣೆ ಕೊಡಬಲ್ಲದು ಎಂಬುದಕ್ಕೆ ಇದು ಉದಾಹರಣೆ. ಮನೆಮಂದಿಗೆಲ್ಲ ಗೊತ್ತಿರುವ ಜಾಗವನ್ನು ಕೆಡವುವುದು ಕಷ್ಟ, ಅಲ್ವಾ?

ಕೆಡವಿದ ಉದಾಹರಣೆ ಎದುರುಗಡೆಯೇ ಇದೆ. ರಸ್ತೆಯ ಆಚೆ ನಾರ್ತ್ ಪಾರ್ಕ್ ಸ್ಟ್ರೀಟ್ ಸಿಮೆಟ್ರಿ ಇತ್ತು. ಕಾದಂಬರಿಕಾರ ಥ್ಯಾಕರೆ ಕಲ್ಕತ್ತದಲ್ಲೇ ಹುಟ್ಟಿದವನು. 1815ರಲ್ಲಿ ಸತ್ತ ಅವನ ಅಪ್ಪ ಅಲ್ಲಿದ್ದ. 1953ರಲ್ಲಿ ಅದನ್ನು ನೆಲಸಮ ಮಾಡಿದರು. ಈಗ ಅಲ್ಲಿ ಚರ್ಚು, ಶಾಲೆ, ಆಸ್ಪತ್ರೆ. ಒಂದೇ ಒಂದು ದೊಡ್ಡ ಸ್ಮಾರಕ ಆವರಣದೊಳಗೆ ಉಳಿದಿದೆ. ಫ್ರೆಂಚರ ಸ್ಮಶಾನವೂ ಹೀಗೇ ಮಾಯವಾಯಿತು. ಬದುಕಿರುವವರಿಗೆ ಆಸ್ಪತ್ರೆ ಬೇಕು ಎಂಬುದೂ ಸರಿಯೇ. ಆದರೆ ಸೌತ್ ಕೂಡ ಹೋಗಿದ್ದರೆ ಆ 60 ವರ್ಷದ ಕಟ್ಟಡ ಶೈಲಿಗೆ ಊರಿನಲ್ಲಿ ಇಂಥ ಇನ್ನೊಂದು ಸಾಕ್ಷಿ ಇರುತ್ತಿರಲಿಲ್ಲ.

1970ರ ದಶಕದಲ್ಲಿ ಇದರ ಸ್ಥಿತಿಯೂ ಚಿಂತಾಜನಕವಾಗಿತ್ತು. ಕಾಡು ಬೆಳೆದಿತ್ತು, ಕಲ್ಲಿನ ಹಲಗೆಗಳು ಕಳುವಾಗಿದ್ದವು. 1976ರಲ್ಲಿ ಲಂಡನ್ನಿನಲ್ಲಿ ಥಿಯಾನ್ ವಿಲ್ಕಿನ್ಸನ್ ಎಂಬವರು ದಕ್ಷಿಣ ಏಷ್ಯಾದ ಹಳೇ ಯುರೋಪಿಯನ್ ಸ್ಮಶಾನಗಳಿಗಾಗಿ ಸಂಘವೊಂದನ್ನು ಕಟ್ಟಿದರು. ಆಮೇಲೆ ಕಲ್ಕತ್ತದಲ್ಲೂ ಅಂಥದ್ದೇ ಸಂಘ ಹುಟ್ಟಿತು. ಪೊದೆ ಸವರಿ, ದಾರಿ ಬಿಡಿಸಿ, ಮುಖ್ಯ ಗೋರಿಗಳನ್ನು ಒಂದೊಂದಾಗಿ ರಿಪೇರಿ ಮಾಡಿದರು. ಜಾಗದ ಮೇಲ್ವಿಚಾರಣೆ ಕ್ರಿಶ್ಚಿಯನ್ ಬರಿಯಲ್ ಬೋರ್ಡಿನದು.

ರಿಪೇರಿ ಎಂದರೆ ಸಿಮೆಂಟು ಮೆತ್ತುವುದಲ್ಲ. ಹಳೇ ಇಟ್ಟಿಗೆ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಮೆದು, ಆ ತೇವ ಹೊರಹೋಗಲು ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಒಳಗಿನ ಉಪ್ಪು ಇಟ್ಟಿಗೆಯ ಮೈ ಉದುರಿಸುತ್ತದೆ. ಕೆಲವು ವರ್ಷಕ್ಕೆ ಸಿಮೆಂಟಿನ ಚಿಪ್ಪು ಗಟ್ಟಿಯಾಗಿ ನಿಂತಿರುತ್ತದೆ, ಹಿಂದಿನ ಇಟ್ಟಿಗೆ ಪುಡಿ. ನಮ್ಮ ಹಳೇ ದೇವಸ್ಥಾನಗಳ ಗೋಪುರಕ್ಕೂ ಇದೇ ಗತಿ ಬರುತ್ತಿರುವುದನ್ನು ನೀವು ನೋಡಿರಬಹುದು. ಇನ್ನೊಂದು ಶತ್ರು ಅಶ್ವತ್ಥ. ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜ ಗುಮ್ಮಟದ ಬಿರುಕಿನಲ್ಲಿ ಮೊಳೆಯುತ್ತದೆ. ಬೇರು ಇಟ್ಟಿಗೆಗಳ ಸಂದಿಯ ಸುಣ್ಣವನ್ನು ಹುಡುಕಿಕೊಂಡು ಒಳಗಿಳಿಯುತ್ತದೆ. ಮೇಲೆ ಕಾಣುವ ಗಿಡ ಕತ್ತರಿಸಿದರೆ ಪ್ರಯೋಜನವಿಲ್ಲ, ಮತ್ತೆ ಚಿಗುರುತ್ತದೆ. ಬೇರು ಸಮೇತ ಎಳೆದರೆ ಗುಮ್ಮಟವೇ ಜೊತೆಗೆ ಬರುತ್ತದೆ. ಬೇರನ್ನು ಮೊದಲು ಕೊಂದು, ಒಣಗಲು ಬಿಟ್ಟು, ಆಮೇಲೆ ನಿಧಾನಕ್ಕೆ ಬಿಡಿಸಿ ಸುಣ್ಣ ತುಂಬಬೇಕು. ಒಂದು ಗೋರಿಗೇ ತಿಂಗಳುಗಟ್ಟಲೆ ಕೆಲಸ. 2020ರ ಮೇ ತಿಂಗಳಲ್ಲಿ ಅಂಫಾನ್ ಚಂಡಮಾರುತ ಬಂದಾಗ ಒಳಗಿನ ದೊಡ್ಡ ಮರಗಳು ಉರುಳಿ ಇನ್ನಷ್ಟು ಕೆಲಸ ಕೊಟ್ಟವು.

ಹೋಗುವುದಾದರೆ ಡಿಸೆಂಬರ್-ಜನವರಿ ಒಳ್ಳೆಯದು. ಮಳೆಗಾಲದಲ್ಲಿ ಪಾಚಿ ಜಾರುತ್ತದೆ, ಸೊಳ್ಳೆ ಇವತ್ತೂ ಇವೆ. ಬೆಳಗ್ಗೆ ಹೋದರೆ ಚಿತ್ರ ಬರೆಯುವ ಕಲಾಶಾಲೆ ಹುಡುಗರು ಸಿಗುತ್ತಾರೆ, ಹೆರಿಟೇಜ್ ವಾಕ್ ಗುಂಪುಗಳೂ ಸಿಗುತ್ತವೆ. ಬಾಗಿಲಲ್ಲಿ ಸಣ್ಣ ಮೊತ್ತದ ಟಿಕೆಟ್ ಇರುತ್ತದೆ. ಗೋರಿ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ, ಗಾರೆ ಉದುರುತ್ತದೆ. ಮುಖ್ಯ ದಾರಿಯಲ್ಲಿ ಜೋನ್ಸ್‌ನ ಕಂಬ ನೋಡಿಕೊಂಡು ಸ್ಟುವರ್ಟ್‌ನ ಗುಡಿಗೆ ಹೋಗಿ. ಅಲ್ಲಿಂದ ಹೊರಗೆ ಬಂದು ದೊಡ್ಡ ರಸ್ತೆ ದಾಟಿದರೆ 1840ರಲ್ಲಿ ಶುರುವಾದ ಲೋವರ್ ಸರ್ಕ್ಯುಲರ್ ರೋಡ್ ಸ್ಮಶಾನ. ಬಂಗಾಳಿ ಕವಿ ಮೈಕೇಲ್ ಮಧುಸೂದನ ದತ್ತ ಅಲ್ಲಿದ್ದಾರೆ. ಕೋಲ್ಕತ್ತಾ ದೂರವಾದರೆ ಶ್ರೀರಂಗಪಟ್ಟಣದಲ್ಲೇ ಕಾವೇರಿ ದಂಡೆಗೆ ಗ್ಯಾರಿಸನ್ ಸಿಮೆಟ್ರಿ ಇದೆ. 1799ರ ಬಳಿಕ ಅಲ್ಲಿ ಬೀಡುಬಿಟ್ಟಿದ್ದ ದಂಡಿನ ಅಧಿಕಾರಿಗಳು, ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರು, ಅವರ ಹೆಂಡಿರು ಮಕ್ಕಳು ಅಲ್ಲಿದ್ದಾರೆ. ಅಲ್ಲಿನ ಕಲ್ಲುಗಳ ಮೇಲೂ ವಯಸ್ಸು ಓದಿ ನೋಡಿ. ಆ ದಂಡು ಕೊನೆಗೆ ಪಟ್ಟಣ ಬಿಟ್ಟು ಬೆಂಗಳೂರಿಗೆ ಹೋಗಿ ಕಂಟೋನ್ಮೆಂಟ್ ಕಟ್ಟಿದ್ದಕ್ಕೆ ಕಾರಣವೂ ಜ್ವರವೇ.